ಬೆಕ್ಕಿಗೆ ಎಷ್ಟು ಯೂನಿಟ್?

ಸಕ್ಕರೆ ಕಾಯಿಲೆ ಎಂದರೆ ನಮ್ಮ ಹೈದರಾಬಾದಿನ ಕನ್ನಡ ಮನೆಗಳಲ್ಲಿ ಯಾರಿಗೂ ಹೊಸದಲ್ಲ. ಫ್ರಿಜ್ ತೆಗೆದರೆ ಕರಿಬೇವು, ನಿಂಬೆಹಣ್ಣುಗಳ ನಡುವೆ ಅಜ್ಜಿಯದೋ ಮಾವನವರದೋ ಇನ್ಸುಲಿನ್ ಸೀಸೆ ಕಂಡೇ ಕಾಣುತ್ತದೆ. ಮದುವೆ ಮನೆಯಲ್ಲಿ ಹೋಳಿಗೆ ಬಡಿಸುವವರು ಎದುರು ಬಂದಾಗ "ನನಗೆ ಶುಗರ್" ಎಂದು ಎಲೆಗೆ ಕೈ ಅಡ್ಡ ಹಿಡಿದು, ಅವರು ಮುಂದೆ ಹೋಗುವಷ್ಟರಲ್ಲಿ "ಅರ್ಧ ಹಾಕಿ" ಎನ್ನುವವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಆದರೆ "ನಮ್ಮ ಬೆಕ್ಕಿಗೆ ಶುಗರ್ ಇದೆ, ಬೆಳಿಗ್ಗೆ ಸಂಜೆ ಇನ್ಸುಲಿನ್ ಚುಚ್ಚಬೇಕು" ಎಂದು ಹೇಳಿ ನೋಡಿ. ಒಂದು ಕ್ಷಣ ಎಲ್ಲರೂ ಸುಮ್ಮನಾಗುತ್ತಾರೆ, ಆಮೇಲೆ ನಗುತ್ತಾರೆ.

ನಗಲಿ ಬಿಡಿ. ಈ ಲೇಖನ ಅವರಿಗಲ್ಲ, ನಿಮಗೆ. ನಿಮ್ಮ ತಂದೆತಾಯಿಯರು ಬೀದರ, ಕಲಬುರಗಿ, ರಾಯಚೂರು, ಧಾರವಾಡದ ಕಡೆಯಿಂದ ಬಂದು ಕಾಚಿಗುಡ, ಬರ್ಕತ್‌ಪುರಗಳಲ್ಲಿ ಸಂಸಾರ ಹೂಡಿದವರು. ನೀವು ಇಲ್ಲೇ ಹುಟ್ಟಿ, ಇಲ್ಲೇ ಓದಿ, ಈಗ ಕೊಂಡಾಪುರ, ಮಿಯಾಪುರಗಳ ಫ್ಲ್ಯಾಟುಗಳಲ್ಲಿದ್ದೀರಿ. ಅಲ್ಲಿ ಆಕಳು ಕಟ್ಟಲು ಜಾಗವಿಲ್ಲ, ನಾಯಿ ಸಾಕಿದರೆ ಕೆಳಗಿನ ಮನೆಯವರ ತಕರಾರು. ಹಾಗಾಗಿ ಬೆಕ್ಕು. ಹೊರಗೆ ಹೋಗದ, ಇಲಿಯ ಮುಖ ಕಾಣದ, ಸೋಫಾದ ಮೇಲೆ ಮಲಗೆದ್ದು ತಟ್ಟೆಯ ಕಾಳು ತಿನ್ನುವ ಬೆಕ್ಕು. ಈ ಕಾಯಿಲೆ ಹುಡುಕಿಕೊಂಡು ಬರುವುದು ಹೆಚ್ಚಾಗಿ ಇಂಥವನ್ನೇ. ನಡುವಯಸ್ಸು ದಾಟಿದ, ಮೈತುಂಬಿಕೊಂಡ, ಮಕ್ಕಳಾಗದ ಆಪರೇಷನ್ ಆದ ಗಂಡು ಬೆಕ್ಕಿಗೆ ಅಪಾಯ ಇನ್ನೂ ಹೆಚ್ಚು. ತುರಿಕೆಗೋ ಉಬ್ಬಸಕ್ಕೋ ಸ್ಟಿರಾಯ್ಡ್ ಔಷಧಿ ಹಾಕಿಸಿದ್ದರೆ ಅದೂ ಒಂದು ಕಾರಣವಾಗಬಹುದು.

ನಮ್ಮ ಮನೆಯ ಗುಂಡ ಈ ಎಲ್ಲ ಲಕ್ಷಣಗಳನ್ನೂ ಹೊತ್ತ ಸದ್ಗೃಹಸ್ಥ. ಕಾಯಿಲೆ ಗೊತ್ತಾದಾಗ ಒಂಬತ್ತು ವರ್ಷ, ಆರೂವರೆ ಕಿಲೋ. ಅವನಿಗೆ ಸೂಜಿ ಹಾಕುತ್ತ ತಿಳಿದುಕೊಂಡದ್ದನ್ನೂ, ಓದಿ ಕೇಳಿ ಖಚಿತ ಮಾಡಿಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಓದಿದ್ದು ಬಿ.ಎ., ಅದೂ ಇಂಗ್ಲಿಷ್ ಸಾಹಿತ್ಯ. ಷೇಕ್ಸ್‌ಪಿಯರನ ನಾಟಕಗಳಲ್ಲಿ ಎಲ್ಲಿಯೂ ದಶಾಂಶದ ಗುಣಾಕಾರ ಬರುವುದಿಲ್ಲ. ಆದರೆ ಈ ಕೆಲಸಕ್ಕೆ ಬೇಕಾದದ್ದು ಧೈರ್ಯವೂ ಅಲ್ಲ, ಬರೀ ಪ್ರೀತಿಯೂ ಅಲ್ಲ. ಐದನೇ ಇಯತ್ತೆಯ ಲೆಕ್ಕ ಮತ್ತು ಒಂದು ಗಡಿಯಾರ. ಲೆಕ್ಕ ತಪ್ಪಿದರೆ ಒಂದೇ ರಾತ್ರಿಯಲ್ಲಿ ಬೆಕ್ಕು ಕೈಬಿಟ್ಟು ಹೋಗಬಹುದು, ಅಷ್ಟು ಗಂಭೀರ ವಿಷಯ ಇದು.

ಇರುವೆ ತಂದ ಸುದ್ದಿ

ಮಧುಮೇಹ ಎಂಬ ಪದದಲ್ಲಿ ಮಧು ಎಂದರೆ ಜೇನು, ಮೇಹ ಎಂದರೆ ಮೂತ್ರ. ಮೂತ್ರಕ್ಕೆ ಇರುವೆ ಮುತ್ತುವುದನ್ನು ಕಂಡೇ ನಮ್ಮ ಹಿಂದಿನ ವೈದ್ಯರು ಈ ಕಾಯಿಲೆಯನ್ನು ಗುರುತಿಸುತ್ತಿದ್ದರಂತೆ. ಬೆಕ್ಕಿನ ಮರಳಿನ ತಟ್ಟೆಯ ಸುತ್ತ ಇರುವೆ ಸಾಲುಗಟ್ಟಿದರೆ ನೀವೂ ಎಚ್ಚರಗೊಳ್ಳಿ. ಬೆಕ್ಕಿನ ಮೂತ್ರಪಿಂಡಗಳು ರಕ್ತದಲ್ಲಿ ಸಕ್ಕರೆ ಸುಮಾರು 250ರಿಂದ 300 ಮಿಲಿಗ್ರಾಂ ಆಗುವವರೆಗೂ ಹೇಗೋ ತಡೆದು ಹಿಡಿಯುತ್ತವೆ. ಅದನ್ನು ಮೀರಿದರೆ ಸಕ್ಕರೆ ಮೂತ್ರಕ್ಕೆ ಸೋರುತ್ತದೆ, ತನ್ನ ಜೊತೆಗೆ ನೀರನ್ನೂ ಎಳೆದೊಯ್ಯುತ್ತದೆ. ಹಾಗಾಗಿ ಬೆಕ್ಕು ಬಟ್ಟಲುಗಟ್ಟಲೆ ನೀರು ಕುಡಿಯುತ್ತದೆ, ಮರಳು ದಿನಕ್ಕೆರಡು ಸಲ ಬದಲಿಸಿದರೂ ಸಾಲದು, ಎಷ್ಟು ತಿಂದರೂ ಬೆನ್ನೆಲುಬು ಕೈಗೆ ಸಿಗತೊಡಗುತ್ತದೆ. ಕಾಯಿಲೆ ಹಳತಾದರೆ ಹಿಂಗಾಲಿನ ನರಗಳು ಸೋಲುತ್ತವೆ. ತುದಿಗಾಲಲ್ಲಿ ನಡೆಯುವ ಪ್ರಾಣಿ ಹಿಮ್ಮಡಿ ನೆಲಕ್ಕೂರಿ ಕುಪ್ಪಳಿಸಿದಂತೆ ನಡೆಯುತ್ತದೆ. ನೋಡಿದವರು "ವಯಸ್ಸಾಯಿತು" ಎನ್ನುತ್ತಾರೆ. ಎಲ್ಲ ಸಲವೂ ವಯಸ್ಸಲ್ಲ.

ಪರೀಕ್ಷೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಬೆಕ್ಕಿಗೆ ಬುಟ್ಟಿಯಲ್ಲಿ ಕೂರುವುದು, ಆಟೋ ಸದ್ದು, ಆಸ್ಪತ್ರೆಯಲ್ಲಿ ನಾಯಿಗಳ ಬೊಗಳಾಟ ಎಲ್ಲವೂ ಗಾಬರಿ. ಗಾಬರಿಯಾದರೆ ಆರೋಗ್ಯವಂತ ಬೆಕ್ಕಿನ ಸಕ್ಕರೆಯೂ 300 ದಾಟಬಹುದು. ಆದ್ದರಿಂದ ಆಸ್ಪತ್ರೆಯ ಒಂದೇ ಅಂಕಿ ನೋಡಿ ತೀರ್ಮಾನಕ್ಕೆ ಬರಬಾರದು. ಫ್ರಕ್ಟೋಸಮೈನ್ ಎಂಬ ರಕ್ತಪರೀಕ್ಷೆಯಿದೆ, ಅದು ಹಿಂದಿನ ಒಂದೆರಡು ವಾರಗಳ ಸರಾಸರಿ ಹೇಳುತ್ತದೆ. ಕ್ಷಣದ ಗಾಬರಿಗೆ ಏರುವುದಿಲ್ಲ. ನಿಮ್ಮ ಪಶುವೈದ್ಯರನ್ನು ಅದರ ಬಗ್ಗೆ ಕೇಳಿ. ನಮ್ಮಲ್ಲಿ ಇನ್ನೂ "ದನದ ಡಾಕ್ಟರು" ಎಂದೇ ಕರೆಯುವ ರೂಢಿ, ಆದರೆ ಬೆಕ್ಕುನಾಯಿಗಳನ್ನೇ ನೋಡುವವರು ಈ ಊರಲ್ಲಿ ಈಗ ಬೇಕಾದಷ್ಟಿದ್ದಾರೆ. ನಾರಾಯಣಗುಡದಲ್ಲಿ ಸರ್ಕಾರಿ ಪಶು ಆಸ್ಪತ್ರೆಯಿದೆ, ರಾಜೇಂದ್ರನಗರದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ.

ತೆನಾಲಿಯ ಬೆಕ್ಕು ಮೇಲು

ಹಾಲು ಕಂಡರೆ ಓಡುವ ಬೆಕ್ಕನ್ನು ಸಾಕಿದ ತೆನಾಲಿ ರಾಮಕೃಷ್ಣನ ಕತೆ ನಿಮಗೆ ತೆಲುಗಿನಲ್ಲಾದರೂ ಗೊತ್ತಿರಬೇಕು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಆ ಬೆಕ್ಕಿಗೆ ಸಕ್ಕರೆ ಕಾಯಿಲೆ ಮಾತ್ರ ಬಂದಿರಲಾರದು! ನಮ್ಮ ಮನೆಗಳಲ್ಲಿ ಬೆಕ್ಕಿಗೆ ಹಾಕುವುದು ಹಾಲು ಅನ್ನ, ಇಲ್ಲವೆ ಮೊಸರನ್ನ, ಮಕ್ಕಳು ಬಿಟ್ಟ ಬಿಸ್ಕತ್ತು. ಅಕ್ಕರೆಯಿಂದಲೇ ಹಾಕುತ್ತೇವೆ. ಆದರೆ ಬೆಕ್ಕಿನ ಜೊಲ್ಲಿನಲ್ಲಿ ಗಂಜಿಯನ್ನು ಕರಗಿಸುವ ಕಿಣ್ವವಿಲ್ಲ, ಊಟವಾದ ಮೇಲೆ ಒಮ್ಮೆಗೇ ಬರುವ ಸಕ್ಕರೆಯನ್ನು ನಮ್ಮ ಪಿತ್ತಜನಕಾಂಗ ನಿಭಾಯಿಸುವಂತೆ ಅದರ ಪಿತ್ತಜನಕಾಂಗ ನಿಭಾಯಿಸಲಾರದು. ದೇವರು ಅದನ್ನು ಮಾಂಸಕ್ಕೆಂದೇ ಮಾಡಿದ್ದಾನೆ. ಟಾರಿನ್ ಎಂಬ ಪದಾರ್ಥ ಸಸ್ಯಾಹಾರದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದು ಸಾಲದಿದ್ದರೆ ಬೆಕ್ಕಿನ ಕಣ್ಣು ಹೋಗುತ್ತದೆ ಎಂದು 1975ರಲ್ಲಿ, ಹೃದಯವೂ ಸೋಲುತ್ತದೆ ಎಂದು 1987ರಲ್ಲಿ ವಿಜ್ಞಾನಿಗಳು ಕಂಡುಕೊಂಡರು.

ಪೊಟ್ಟಣದ ಒಣ ಕಾಳು ತಿನ್ನಿಸುವವರೂ ನಿಶ್ಚಿಂತರಾಗಿ ಕೂರಬೇಡಿ. ಪೊಟ್ಟಣದ ಮೇಲೆ ಹಿಟ್ಟಿನ ಅಂಶ ಎಷ್ಟೆಂದು ಸಾಮಾನ್ಯವಾಗಿ ಅಚ್ಚು ಹಾಕಿರುವುದಿಲ್ಲ, ನೀವೇ ಕಳೆಯಬೇಕು. ಪ್ರೋಟೀನ್ 32, ಕೊಬ್ಬು 10, ನಾರು 5, ತೇವ 10, ಬೂದಿ 8 ಎಂದಿದ್ದರೆ ಕೂಡಿಸಿ, ನೂರರಿಂದ ಕಳೆಯಿರಿ. ಉಳಿದ 35 ಹಿಟ್ಟು. ಮಾಂಸ ತಿನ್ನುವ ಪ್ರಾಣಿಗೆ ಮೂರರಲ್ಲಿ ಒಂದು ಪಾಲು ಹಿಟ್ಟು! ತೇವದ ಪೌಚು, ಡಬ್ಬಿಗಳಲ್ಲಿ ಇದು ಬಹಳ ಕಡಿಮೆ ಇರುತ್ತದೆ, ಆದರೆ ಎಲ್ಲದರಲ್ಲೂ ಅಲ್ಲ. ಗ್ರೇವಿ ಗಟ್ಟಿಯಾಗಲು ಹಿಟ್ಟು ಕಲಸುವವರೂ ಇದ್ದಾರೆ. ಓದಿಯೇ ಕೊಳ್ಳಿ.

ಸಸ್ಯಾಹಾರಿ ಮನೆಗಳಲ್ಲಿ ಇದು ಸಣ್ಣ ಮಾತಲ್ಲ, ಗೊತ್ತು. ನಮ್ಮಲ್ಲೂ ಎರಡು ದಿನ ಮುಖ ಗಂಟಾಗಿತ್ತು. ಕೊನೆಗೆ ನಮ್ಮ ಅತ್ತೆಯವರು ಒಂದೇ ಷರತ್ತು ಹಾಕಿದರು: ಆ ಚಮಚ, ಆ ತಟ್ಟೆ ಅಡುಗೆಮನೆಯ ಹೊಸ್ತಿಲು ದಾಟಬಾರದು. ಬಾಲ್ಕನಿಯಲ್ಲಿ ಅದಕ್ಕೇ ಒಂದು ಗೂಡು ಮಾಡಿದೆವು. "ಅದರ ಧರ್ಮ ಅದಕ್ಕೆ, ನಮ್ಮ ಧರ್ಮ ನಮಗೆ" ಎಂದು ಅವರೇ ನೆರೆಯವರಿಗೆ ಹೇಳುವುದನ್ನು ಆಮೇಲೆ ಕೇಳಿಸಿಕೊಂಡೆ.

ಆದರೆ ಇನ್ಸುಲಿನ್ ಆಗಲೇ ಶುರುವಾಗಿದ್ದರೆ ಊಟವನ್ನು ರಾತ್ರೋರಾತ್ರಿ ಬದಲಿಸಬೇಡಿ. ಹಿಟ್ಟು ಕಡಿಮೆಯಾದರೆ ಬೇಕಾಗುವ ಇನ್ಸುಲಿನ್ನೂ ಕಡಿಮೆಯಾಗುತ್ತದೆ. ಹಳೆಯ ಡೋಸು ಹೊಸ ಊಟಕ್ಕೆ ವಿಪರೀತವಾಗಬಹುದು. ಮೊದಲು ವೈದ್ಯರಿಗೆ ಹೇಳಿ, ಆಮೇಲೆ ಪೌಚು ಕೊಳ್ಳಿ. ಇನ್ನೊಂದು: ದಪ್ಪಗಿದೆಯೆಂದು ಬೆಕ್ಕಿಗೆ ಏಕಾದಶಿ ಮಾಡಿಸಬೇಡಿ. ಎರಡು ಮೂರು ದಿನ ಏನೂ ತಿನ್ನದಿದ್ದರೆ ದಪ್ಪ ಬೆಕ್ಕಿನ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಜೀವಕ್ಕೇ ಸಂಚಕಾರ ಬರುತ್ತದೆ.

ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ.

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದರು. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊದಲ ಸೂಜಿ ಬಿತ್ತು. ಆಗ ಅದನ್ನು ಅಳೆಯುವುದು ಹೇಗೆ? ಮೊಲಗಳಿಗೆ ಚುಚ್ಚಿ, ಅವುಗಳ ಸಕ್ಕರೆ ಎಷ್ಟು ಇಳಿಯಿತೆಂದು ನೋಡಿ, ಅದರಿಂದ "ಯೂನಿಟ್" ಎಂಬ ಅಳತೆ ಮಾಡಿದರು. ಯೂನಿಟ್ ಎಂದರೆ ಔಷಧಿಯ ಶಕ್ತಿಯ ಅಳತೆ, ನೀರಿನ ಅಳತೆಯಲ್ಲ. ಗೊಂದಲ ಹುಟ್ಟುವುದೇ ಇಲ್ಲಿ. ಒಂದು ಮಿಲಿಲೀಟರಿನಲ್ಲಿ ಎಷ್ಟು ಯೂನಿಟ್ ಕರಗಿಸಿದ್ದಾರೆ ಎಂಬುದು ಸೀಸೆಯಿಂದ ಸೀಸೆಗೆ ಬೇರೆ.

ನಮ್ಮ ದೇಶದಲ್ಲಿ ಮನುಷ್ಯರಿಗೆ ಸೀಸೆಯಲ್ಲಿ ಮಾರುವ ಸಾಧಾರಣ ಇನ್ಸುಲಿನ್ ಬಹುಪಾಲು 40ರದು, ಅಂದರೆ ಒಂದು ಮಿಲಿಲೀಟರಿಗೆ 40 ಯೂನಿಟ್. ಪೆನ್ನಿನಲ್ಲಿ ಬರುವುದು ಸಾಮಾನ್ಯವಾಗಿ 100ರದು. ಬೆಕ್ಕುಗಳಿಗೆ ಇಂದು ಬಹಳ ವೈದ್ಯರು ಬರೆದುಕೊಡುವ ಗ್ಲಾರ್ಜಿನ್ ಕೂಡ 100ರದು. ಪರದೇಶದ ಲ್ಯಾಂಟಸ್ ಅದೇ, 2009ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಮಾರುಕಟ್ಟೆಗೆ ತಂದ ಬೇಸಲಾಗ್ ಕೂಡ ಅದೇ. ಪ್ರಾಣಿಗಳಿಗೆಂದೇ ತಯಾರಾಗುವ ಕ್ಯಾನಿನ್ಸುಲಿನ್ ಮತ್ತೆ 40ರದು. ಪ್ರತಿಯೊಂದಕ್ಕೂ ಅದರದೇ ಸಿರಿಂಜು. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಎರಡೂ ನೋಡಲು ಅಕ್ಕತಂಗಿಯರಂತೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಬಣ್ಣವೂ ಒಂದೇ ಎನ್ನಿಸುತ್ತದೆ.

ಈಗ ಲೆಕ್ಕ. ವೈದ್ಯರು ಎರಡು ಯೂನಿಟ್ ಗ್ಲಾರ್ಜಿನ್ ಎಂದು ಬರೆದರು. ನೀವು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 2 ಎಂಬ ಗೆರೆಯವರೆಗೆ ಎಳೆದಿರಿ. ಆ ಗೆರೆ ಎಂದರೆ 0.05 ಮಿಲಿಲೀಟರ್. 100ರ ಔಷಧಿಯಲ್ಲಿ ಅಷ್ಟು ನೀರಿಗೆ ಐದು ಯೂನಿಟ್! ಎರಡರ ಬದಲು ಐದು. ತಿರುಗಾಮುರುಗಾ ಆದರೆ, ಅಂದರೆ 40ರ ಔಷಧಿಯನ್ನು ಕಿತ್ತಳೆ ಸಿರಿಂಜಿನಲ್ಲಿ 2ರವರೆಗೆ ಎಳೆದರೆ, ಬೆಕ್ಕಿಗೆ ಸಿಗುವುದು 0.8 ಯೂನಿಟ್ ಮಾತ್ರ. ಕಾಯಿಲೆ ಜಗ್ಗುವುದಿಲ್ಲ, ನೀವು "ಔಷಧಿ ಹತ್ತುತ್ತಿಲ್ಲ" ಎಂದುಕೊಂಡು ಡೋಸು ಏರಿಸುತ್ತೀರಿ, ಮುಂದಿನ ತಿಂಗಳು ಸರಿಯಾದ ಸಿರಿಂಜು ಕೈಗೆ ಬಂದ ದಿನ ಅನಾಹುತ. ಎರಡೂವರೆ ಪಟ್ಟು ಎಂಬುದು ಎಂಬತ್ತು ಕಿಲೋ ಮನುಷ್ಯನಿಗೇ ಅಪಾಯ. ಐದು ಕಿಲೋ ಬೆಕ್ಕಿನ ಗತಿ?

ಇದು ಪುಸ್ತಕದ ಮಾತಲ್ಲ. ಗ್ಲಾರ್ಜಿನ್ ಚೀಟಿ ಹಿಡಿದು ಹೋದಾಗ ಒಂದು ಔಷಧಿ ಅಂಗಡಿಯ ಹುಡುಗ ಕೆಂಪು ಮುಚ್ಚಳದ ಕಟ್ಟು ಮುಂದಿಟ್ಟ. ಅದು ಬೇಡಪ್ಪ, 100ರದು ಕೊಡು ಎಂದೆ. "ಅನ್ನೀ ಒಕಟೇ ಅಮ್ಮಾ" ಎಂದ. ಎಲ್ಲಾ ಒಂದೇ ಅಂತೆ! ಸೀಸೆ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡನ್ನೂ ಪಕ್ಕಪಕ್ಕ ಹಿಡಿದು ತೋರಿಸಿದ ಮೇಲೆ ಒಳಗಿನಿಂದ ಹಿರಿಯರೊಬ್ಬರು ಬಂದು ಬದಲಿಸಿಕೊಟ್ಟರು. ಹುಡುಗನ ತಪ್ಪೂ ಅಷ್ಟಿಲ್ಲ. ಅವನು ದಿನಾ ಮಾರುವುದು ಕೆಂಪು ಮುಚ್ಚಳದ್ದನ್ನೇ. ಆದ್ದರಿಂದ ಅಂಗಡಿಯಲ್ಲೇ ನಿಂತು ಎರಡು ಅಂಕಿಗಳನ್ನೂ ಓದಿ. ಪ್ರತಿ ಸಲ, ಪ್ರತಿ ಕಟ್ಟು.

ಬೆಕ್ಕಿನ ಡೋಸು ಎಷ್ಟು ಚಿಕ್ಕದೆಂದರೆ, ಸಾಮಾನ್ಯವಾಗಿ ಶುರು ಮಾಡುವುದೇ ಒಂದರಿಂದ ಎರಡು ಯೂನಿಟ್, ಹನ್ನೆರಡು ಗಂಟೆಗೊಮ್ಮೆ. 100ರ ಔಷಧಿಯಲ್ಲಿ ಒಂದು ಯೂನಿಟ್ ಎಂದರೆ ಒಂದು ಹನಿಯ ಐದನೇ ಒಂದು ಪಾಲು. ಅದಕ್ಕೇ 0.3 ಮಿಲಿಲೀಟರಿನ, ಅರ್ಧ ಯೂನಿಟ್ಟಿಗೂ ಗೆರೆಯಿರುವ ಸಣ್ಣ ಸಿರಿಂಜು ಕೇಳಿ ಪಡೆಯುವುದು ಒಳ್ಳೆಯದು. ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ, ಹೇಳಿ ತರಿಸಬೇಕಾದೀತು. ಕಣ್ಣಿನ ಮಟ್ಟಕ್ಕೆ ಹಿಡಿದು, ಗುಳ್ಳೆ ಹೊರಹಾಕಿ, ಆಮೇಲೆ ಗೆರೆ ನೋಡಿ. ನನ್ನಂತೆ ಚಾಳೀಸು ಬಂದವರು ಕನ್ನಡಕ ಹಾಕಿಕೊಂಡೇ ಸೀಸೆ ಮುಟ್ಟಬೇಕು.

ಇಲ್ಲಿ ಅಜ್ಜಿಯ ಸೀಸೆಯ ಮಾತು ಬರುತ್ತದೆ. "ಹೇಗೂ ಮನೆಯಲ್ಲಿ ಇನ್ಸುಲಿನ್ ಇದೆಯಲ್ಲ, ಅದರಲ್ಲೇ ಒಂದು ತೊಟ್ಟು ಬೆಕ್ಕಿಗೆ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಅಜ್ಜಿಯದು ಬಹುಶಃ 30/70 ಮಿಶ್ರಣ. ಅದರಲ್ಲಿ ಒಂದು ಭಾಗ ಬೇಗ ಕೆಲಸ ಮಾಡಿ ಮುಗಿಯುವಂಥದು. ಅಜ್ಜಿ ಚುಚ್ಚಿಕೊಂಡು ಅರ್ಧ ಗಂಟೆಗೆ ತಟ್ಟೆ ಮುಂದೆ ಕೂರುತ್ತಾರೆ. ಬೆಕ್ಕು ಕೂರುತ್ತದೆಂಬ ಭರವಸೆ ಇಲ್ಲ. ಮನುಷ್ಯರ ಔಷಧಿಯನ್ನೇ ಬೆಕ್ಕಿಗೂ ಬರೆಯುತ್ತಾರೆ, ನಿಜ, ಆದರೆ ಯಾವುದು ಎಂದು ಬರೆಯಬೇಕಾದವರು ಪಶುವೈದ್ಯರು. ಫ್ರಿಜ್ಜಿನಲ್ಲಿ ಎರಡು ಸೀಸೆಗಳಿದ್ದರೆ ಬೇರೆ ಬೇರೆ ಡಬ್ಬಿಯಲ್ಲಿ, ಅವರವರ ಸಿರಿಂಜಿನ ಸಮೇತ ಇಡಿ. ಬೆಕ್ಕಿನದು ಅಜ್ಜಿಗೆ ಹೋದರೂ ಕಷ್ಟವೇ.

ಅಂದ ಹಾಗೆ, ಬೆಕ್ಕಿನ ಮೈಯಲ್ಲಿ ಹುಟ್ಟುವ ಇನ್ಸುಲಿನ್ನಿಗೂ ಹಸುವಿನ ಇನ್ಸುಲಿನ್ನಿಗೂ ಇರುವ ವ್ಯತ್ಯಾಸ ಒಂದೇ ಒಂದು ಅಮೈನೋ ಆಮ್ಲದ್ದು. ಮನುಷ್ಯರದರಿಂದ ಬೆಕ್ಕಿನದು ನಾಲ್ಕು ಕಡೆ ಬೇರೆ. ಆಕಳ ಹಾಲಿಗೆ ಅದು ಅಷ್ಟು ಆಸೆಪಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೂ ಓದಿದಾಗ ನನಗೆ ನಗು ಬಂತು.

ಚುಚ್ಚುವುದು, ಚುಚ್ಚದಿರುವುದು

ಚುಚ್ಚುವ ಕೆಲಸವೇ ಎಲ್ಲಕ್ಕಿಂತ ಸುಲಭ ಎಂದರೆ ನೀವು ನಂಬುವುದಿಲ್ಲ. ಸೂಜಿ ಕೂದಲಿನಷ್ಟು ಸಣ್ಣದು. ಬೆಕ್ಕು ತಿನ್ನುತ್ತಿರುವಾಗ, ಇಲ್ಲವೆ ತಿಂದ ಕೂಡಲೇ, ಪಕ್ಕೆಯ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಗುಡಾರದಂತೆ ಎತ್ತಿ, ಆ ಗುಡಾರದೊಳಕ್ಕೆ ಸೂಜಿ ತೂರಿಸಿ ಮೆತ್ತಗೆ ಒತ್ತಿದರಾಯಿತು. ದಿನವೂ ಒಂದೇ ಜಾಗ ಬೇಡ. ಬೆಳಿಗ್ಗೆ ಎಡ, ಸಂಜೆ ಬಲ. ಆಮೇಲೆ ಬೆರಳಿಂದ ಆ ಜಾಗ ಸವರಿ ನೋಡಿ. ಕೂದಲು ಒದ್ದೆಯಾಗಿದ್ದರೆ ಸೂಜಿ ಆ ಕಡೆ ತೂರಿ ಔಷಧಿ ಹೊರಗೆ ಹೋಗಿದೆ ಎಂದು ಅರ್ಥ.

ಆಗ ಏನು ಮಾಡಬೇಕು? ಏನೂ ಮಾಡಬಾರದು. ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಹೋಯಿತು ಗೊತ್ತಿಲ್ಲದಿರುವಾಗ ಇನ್ನೊಂದು ಸಲ ಚುಚ್ಚಬೇಡಿ. ಒಂದು ಹೊತ್ತು ಸಕ್ಕರೆ ಹೆಚ್ಚಿದ್ದರೆ ಬೆಕ್ಕು ನಾಲ್ಕು ಲೋಟ ನೀರು ಕುಡಿದೀತು. ಸಕ್ಕರೆ ಇಳಿದುಬಿಟ್ಟರೆ ಪ್ರಾಣವೇ ಹೋದೀತು. ಒಂದು ಹೊತ್ತು ಮರೆತಾಗಲೂ ಇದೇ ನಿಯಮ. ಮುಂದಿನ ಹೊತ್ತಿಗೆ ಎರಡು ಡೋಸು ಸೇರಿಸಿ ಚುಚ್ಚುವಂತಿಲ್ಲ. ಮನೆಯಲ್ಲಿ ಇಬ್ಬರು ಚುಚ್ಚುವವರಿದ್ದರೆ ಅಮ್ಮ ಹಾಕಿದ್ದಾರೋ ಇಲ್ಲವೋ ಎಂಬ ಅನುಮಾನ ದಿನಾ ಬರುತ್ತದೆ. ಅದಕ್ಕೆ ಕ್ಯಾಲೆಂಡರಿನಲ್ಲಿ ಗುರುತು. ಗುರುತಿಲ್ಲ, ಕೇಳಲು ಅಮ್ಮ ಸಿಗುತ್ತಿಲ್ಲ ಎಂದರೆ ಆ ಹೊತ್ತು ಬಿಟ್ಟುಬಿಡಿ.

ಊಟ ಮುಟ್ಟದಿದ್ದರೆ, ತಿಂದದ್ದು ವಾಂತಿಯಾದರೆ ಚುಚ್ಚುವ ಮುಂಚೆ ವೈದ್ಯರಿಗೆ ಫೋನ್ ಮಾಡಿ. ಅರ್ಧ ಹಾಕಿ ಎಂದಾರು, ಬಿಡಿ ಎಂದಾರು. ಎಷ್ಟು ಸಕ್ಕರೆಯ ಕೆಳಗೆ ಚುಚ್ಚಲೇಬಾರದು ಎಂಬ ಅಂಕಿಯನ್ನು ಮೊದಲ ದಿನವೇ ಅವರಿಂದ ಬರೆಸಿಕೊಳ್ಳಿ. ಹೊಸಬರಿಗೆ ಅನೇಕರು ಹೇಳುವುದು 200.

ಸಕ್ಕರೆ ತೀರ ಇಳಿದಾಗ ಬೆಕ್ಕು ಮೊದಲು ಹಸಿವೆಂದು ಅಲೆಯಬಹುದು, ಇಲ್ಲವೆ ಮೂಲೆ ಸೇರಬಹುದು. ಆಮೇಲೆ ಕುಡಿದವರಂತೆ ತೂರಾಟ, ನಡುಕ, ಕಡೆಗೆ ಸೆಳೆತ. 60ಕ್ಕಿಂತ ಕೆಳಗೆ ಹೋಯಿತೆಂದರೆ ಅಪಾಯದ ಅಂಚು. ಎಚ್ಚರವಿದ್ದರೆ ತಕ್ಷಣ ಊಟ ಕೊಡಿ. ತಿನ್ನಲಾಗದಿದ್ದರೆ ಜೇನುತುಪ್ಪ, ಗಟ್ಟಿ ಸಕ್ಕರೆ ಪಾಕ, ನೀರಲ್ಲಿ ಕಲಸಿದ ಗ್ಲೂಕೋಸ್ ಪುಡಿ, ಕೈಗೆ ಸಿಕ್ಕಿದ್ದನ್ನು ಬೆರಳಲ್ಲಿ ತೆಗೆದು ವಸಡಿಗೆ ಸವರಿ. ಸೆಳೆತ ಬಂದಿರುವಾಗ ಬಾಯಿಗೆ ನೀರು ಸುರಿಯಬೇಡಿ, ಹಲ್ಲಿನ ನಡುವೆ ಬೆರಳು ಇಡಬೇಡಿ. ಸವರಿದ ಕೂಡಲೇ ಆಸ್ಪತ್ರೆ. ಬೆಕ್ಕು ಎದ್ದು ಕೂತಿತೆಂದು ಸಮಾಧಾನಪಟ್ಟು ಮನೆಯಲ್ಲೇ ಉಳಿಯಬೇಡಿ. ಔಷಧಿ ಇನ್ನೂ ಒಳಗೆ ಕೆಲಸ ಮಾಡುತ್ತಿರುತ್ತದೆ. ರಾತ್ರಿ ತೆರೆದಿರುವ ಪ್ರಾಣಿ ಆಸ್ಪತ್ರೆ ನಿಮ್ಮ ಬಡಾವಣೆಗೆ ಯಾವುದು ಹತ್ತಿರ ಎಂದು ಹಗಲಲ್ಲೇ ವಿಚಾರಿಸಿಟ್ಟುಕೊಳ್ಳಿ.

ಇದಕ್ಕೆಲ್ಲ ಮನೆಯಲ್ಲೇ ಸಕ್ಕರೆ ಅಳೆಯಲು ಬರಬೇಕು. ಕಿವಿಯ ಅಂಚನ್ನು ಬಿಸಿಬಟ್ಟೆಯಿಂದ ಒಂದು ನಿಮಿಷ ಬೆಚ್ಚಗೆ ಮಾಡಿ, ಅಂಚಿನ ನರದ ಪಕ್ಕ ಸಣ್ಣಗೆ ಚುಚ್ಚಿದರೆ ಸಾಸಿವೆಯಷ್ಟು ರಕ್ತ ಬರುತ್ತದೆ, ಅಷ್ಟು ಸಾಕು. ಅಪ್ಪನ ಗ್ಲೂಕೋಮೀಟರ್ ಬಳಸಬಹುದು, ಆದರೆ ಮನುಷ್ಯರ ಯಂತ್ರ ಬೆಕ್ಕಿನ ರಕ್ತದಲ್ಲಿ ಇರುವುದಕ್ಕಿಂತ ಕಡಿಮೆ ತೋರಿಸುವುದೇ ಹೆಚ್ಚು. ಯಾವ ಯಂತ್ರವೆಂದು ವೈದ್ಯರಿಗೆ ಹೇಳಿ, ಯಾವಾಗಲೂ ಅದನ್ನೇ ಬಳಸಿ. ಹದಿನಾಲ್ಕು ದಿನ ಮೈಗಂಟಿಸಿಕೊಳ್ಳುವ ಲಿಬ್ರೆ ಬಿಲ್ಲೆಯನ್ನೂ ಈಗ ಬೆಕ್ಕಿಗೆ ಹಾಕುತ್ತಾರೆ. ಗುಂಡ ಅದನ್ನು ಐದನೇ ದಿನ ಕಿತ್ತು ದಿವಾನದ ಕೆಳಗೆ ಹಾಕಿದ್ದ. ದುಡ್ಡು ದಂಡ.

ವೈದ್ಯರು ಆಗಾಗ ಒಂದು ಇಡೀ ಹಗಲಿನ ಪಟ್ಟಿ ಕೇಳುತ್ತಾರೆ. ಬೆಳಗಿನ ಸೂಜಿಯಿಂದ ಸಂಜೆಯ ಸೂಜಿಯವರೆಗೆ ಎರಡೆರಡು ಗಂಟೆಗೊಮ್ಮೆ ಅಳೆದು ಬರೆಯುವುದು. ಸಕ್ಕರೆ ಎಷ್ಟರವರೆಗೆ ಇಳಿಯಿತು, ಯಾವಾಗ ಇಳಿಯಿತು ಎಂಬುದು ಅದರಲ್ಲಿ ತಿಳಿಯುತ್ತದೆ. ನಿಮ್ಮಲ್ಲಿ ಬಹುತೇಕರು ಕಂಪ್ಯೂಟರ್ ಕೆಲಸದವರು, ನಕ್ಷೆ ಬಿಡಿಸುವುದು ನಿಮಗೆ ನೀರು ಕುಡಿದಷ್ಟು ಸುಲಭ. ಅದರಲ್ಲೇ ಒಂದು ಅಪಾಯವೂ ಇದೆ. ಬೆಳಿಗ್ಗೆ 380 ಕಂಡರೆ ಸಂಜೆಗೆ ಅರ್ಧ ಯೂನಿಟ್ ಏರಿಸೋಣ ಎಂದು ನಿಮ್ಮ ಕೈ ತುರಿಸುತ್ತದೆ. ಒಂದು ಅಂಕಿಗೆ ಡೋಸು ಬದಲಿಸಬಾರದು. ಗ್ಲಾರ್ಜಿನ್ನಿನಂಥ ಔಷಧಿ ಮೈಗೆ ಹೊಂದಿಕೊಳ್ಳಲು ಐದಾರು ದಿನವಾದರೂ ಬೇಕು. ವಾರಕ್ಕೊಮ್ಮೆ, ಅರ್ಧ ಅಥವಾ ಒಂದು ಯೂನಿಟ್, ಅದೂ ವೈದ್ಯರು ಹೇಳಿದ ಮೇಲೆ. ಏರಿಸಲು ತಾಳ್ಮೆ ಬೇಕು, ಇಳಿಸುವುದಕ್ಕೆ ಮಾತ್ರ ತಡಮಾಡಬಾರದು.

ತಾಳ್ಮೆಗೆ ಫಲವೂ ಉಂಟು. 2009ರಲ್ಲಿ ರೂಂಪ್ ಮತ್ತು ರ‍್ಯಾಂಡ್ ಎಂಬ ಇಬ್ಬರು 55 ಬೆಕ್ಕುಗಳ ವಿವರ ಪ್ರಕಟಿಸಿದರು. ಎಲ್ಲವಕ್ಕೂ ಮನೆಯವರೇ ಸಕ್ಕರೆ ಅಳೆದು ಗ್ಲಾರ್ಜಿನ್ ಚುಚ್ಚಿದ್ದರು, ಹಿಟ್ಟು ಕಡಿಮೆಯ ಊಟ ಹಾಕಿದ್ದರು. ನೂರಕ್ಕೆ 64ರಷ್ಟು ಬೆಕ್ಕುಗಳಿಗೆ ಕೊನೆಗೆ ಇನ್ಸುಲಿನ್ನೇ ಬೇಡವಾಯಿತು. ಕಾಯಿಲೆ ಗೊತ್ತಾದ ಆರು ತಿಂಗಳೊಳಗೆ ಈ ಕ್ರಮ ಶುರು ಮಾಡಿದವುಗಳಲ್ಲಿ ಇದು 84, ತಡಮಾಡಿದವುಗಳಲ್ಲಿ 35. ನಾಯಿಗಳಲ್ಲಿ ಹೀಗಾಗುವುದು ಅಪರೂಪ. ಎಲ್ಲ ಬೆಕ್ಕಿಗೂ ಹೀಗೆಯೇ ಆಗುತ್ತದೆಂದು ಯಾರೂ ಮಾತು ಕೊಡಲಾರರು. ಗುಂಡನಿಗೆ ಎಂಟು ತಿಂಗಳು ಸೂಜಿ ತಪ್ಪಿತ್ತು, ಮತ್ತೆ ಬಂತು. ಆ ಎಂಟು ತಿಂಗಳೂ ವಾರಕ್ಕೊಮ್ಮೆ ಕಿವಿ ಚುಚ್ಚಿ ನೋಡುತ್ತಿದ್ದುದರಿಂದಲೇ ಬೇಗ ಗೊತ್ತಾಯಿತು.

ಸೂಜಿಯೇ ಬೇಡ, ಮಾತ್ರೆ ಇಲ್ಲವೇ ಎಂದು ಕೇಳುತ್ತೀರಿ. ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ ಬೆಕ್ಸಾಗ್ಲಿಫ್ಲೋಜಿನ್ ಎಂಬ ಮಾತ್ರೆಗೆ, 2023ರ ಆಗಸ್ಟಿನಲ್ಲಿ ವೆಲಾಗ್ಲಿಫ್ಲೋಜಿನ್ ಎಂಬ ಬಾಯಿಗೆ ಹಾಕುವ ದ್ರವಕ್ಕೆ ಒಪ್ಪಿಗೆ ಸಿಕ್ಕಿತು. ಎರಡೂ ಸಕ್ಕರೆಯನ್ನು ಮೂತ್ರದ ದಾರಿಯಲ್ಲಿ ಹೊರಗೆ ಕಳಿಸುತ್ತವೆ. ಅಲ್ಲಿ ಒಪ್ಪಿಗೆ ಇರುವುದು ಹಿಂದೆ ಇನ್ಸುಲಿನ್ ಪಡೆಯದ, ಉಳಿದಂತೆ ಆರೋಗ್ಯವಾಗಿರುವ ಬೆಕ್ಕುಗಳಿಗೆ ಮಾತ್ರ. ಸಕ್ಕರೆ ಸರಿಯಿದ್ದಂತೆ ಕಂಡರೂ ರಕ್ತದಲ್ಲಿ ಕೀಟೋನ್ ಎಂಬ ವಿಷ ಏರುವ ಭಯ ಅವುಗಳಲ್ಲಿ ಉಂಟು. ಆದ್ದರಿಂದ ಪರದೇಶದ ಅಣ್ಣನಿಗೆ ಹೇಳಿ ತರಿಸಿಕೊಂಡು ನೀವೇ ನುಂಗಿಸಬೇಡಿ.

ಇಷ್ಟೆಲ್ಲ ಒಂದು ಬೆಕ್ಕಿಗೆ ಯಾಕೆ ಎಂದು ಹಿರಿಯರು ಕೇಳುತ್ತಾರೆ. ಅವರ ಮೇಲೆ ಸಿಟ್ಟಾಗಬೇಡಿ. ಅವರ ಕಾಲದಲ್ಲಿ ಮನುಷ್ಯರಿಗೇ ಇಷ್ಟು ಸಿಗುತ್ತಿರಲಿಲ್ಲ. ಆದರೆ ಶುರು ಮಾಡುವ ಮೊದಲು ನೀವೂ ನಿಮ್ಮನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಿ: ಬೆಳಿಗ್ಗೆ ಏಳಕ್ಕೂ ರಾತ್ರಿ ಏಳಕ್ಕೂ ಮನೆಯಲ್ಲಿ ಒಬ್ಬರು ಇರುತ್ತಾರೆಯೇ? ಗಚ್ಚಿಬೌಲಿಯ ಆಫೀಸಿನಿಂದ ಸಂಜೆ ಟ್ರಾಫಿಕ್ಕಿನಲ್ಲಿ ಏಳಕ್ಕೆ ಮುಟ್ಟುವುದು ಸಾಧ್ಯವೇ? ಇಲ್ಲದಿದ್ದರೆ ಒಂಬತ್ತು ಮತ್ತು ಒಂಬತ್ತು ಇಟ್ಟುಕೊಳ್ಳಿ. ಬೆಕ್ಕಿಗೆ ರಾಹುಕಾಲವಿಲ್ಲ, ಹನ್ನೆರಡು ಗಂಟೆಯ ಅಂತರ ಮಾತ್ರ ಬೇಕು.

ನಮ್ಮ ಊರಿನ ಬಿಸಿಲಿನ ಬಗ್ಗೆಯೂ ಹೇಳಬೇಕು. ಮೇ ತಿಂಗಳಲ್ಲಿ 42 ಡಿಗ್ರಿ ಇಲ್ಲಿ ಆಶ್ಚರ್ಯವಲ್ಲ. ಇನ್ಸುಲಿನ್ ಇರಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ. ಫ್ರಿಜ್ಜಿನ ಬಾಗಿಲಲ್ಲಿ ಬೇಡ, ಅಲ್ಲಿ ಗಳಿಗೆಗೊಮ್ಮೆ ಬಿಸಿಗಾಳಿ ಬಡಿಯುತ್ತದೆ. ಫ್ರೀಜರಿನ ಕೆಳಗೂ ಬೇಡ, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ನಡುವಿನ ತಟ್ಟೆಯಲ್ಲಿ ಡಬ್ಬಿಯೊಳಗಿಡಿ. ಗ್ಲಾರ್ಜಿನ್ ನೀರಿನಂತೆ ತಿಳಿಯಾಗಿರಬೇಕು, ಮಸುಕಾದರೆ ಚೆಲ್ಲಿಬಿಡಿ. ಬಳಸಿದ ಸೂಜಿಗಳನ್ನು ಮುಚ್ಚಳವಿರುವ ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ, ತುಂಬಿದ ಮೇಲೆ ಆಸ್ಪತ್ರೆಗೆ ಕೊಡಿ. ಕಸದ ಚೀಲದಲ್ಲಿ ಬಿಡಿಯಾಗಿ ಹಾಕಿದರೆ ಚುಚ್ಚುವುದು ಕಸ ಎತ್ತುವವರ ಕೈಗೆ.

ಕಡೆಯದಾಗಿ ಹಬ್ಬ, ಮದುವೆ, ಊರು. ಯುಗಾದಿಗೆ ಕಲಬುರಗಿಗೆ ಹೋಗಲೇಬೇಕು, ಬೆಕ್ಕನ್ನು ರೈಲಿನಲ್ಲಿ ಹೊತ್ತೊಯ್ಯುವಂತಿಲ್ಲ. ಒಬ್ಬರಿಗೆ ಕಲಿಸಿಟ್ಟಿರಬೇಕು, ಹೊರಡುವ ಹಿಂದಿನ ದಿನವಲ್ಲ, ಹದಿನೈದು ದಿನ ಮುಂಚೆ. ನಾನು ಎದುರು ಮನೆಯ ತೆಲುಗಿನ ಹುಡುಗಿಗೆ ಮೂಸಂಬಿ ಹಣ್ಣಿಗೆ ನೀರು ಚುಚ್ಚಿಸುತ್ತ ಕಲಿಸಿದೆ. ಮೂರು ಹಣ್ಣು ಮುಗಿಯುವಷ್ಟರಲ್ಲಿ ಅವಳ ಕೈ ನನ್ನದಕ್ಕಿಂತ ನಿಲುವಾಗಿತ್ತು. ಒಂದು ವಾರ ನನ್ನೆದುರೇ ಗುಂಡನಿಗೂ ಹಾಕಿದಳು. ಹೋಗುವಾಗ ಫ್ರಿಜ್ಜಿನ ಮೇಲೆ ಕನ್ನಡದಲ್ಲೇ ಬರೆದು ಅಂಟಿಸಿದೆ: "ಕಿತ್ತಳೆ ಮುಚ್ಚಳ. 1½. ತಿಂದ ಮೇಲೆ. ತಿನ್ನದಿದ್ದರೆ ಫೋನ್." ಅವಳು ಅಕ್ಷರ ಅಕ್ಷರ ಕೂಡಿಸಿ ಓದಿಕೊಂಡಳು, "ಕಿತ್ತಳೆ" ಮಾತ್ರ ತಿಳಿಯಲಿಲ್ಲ. ಅದರ ಪಕ್ಕ ಒಂದು ಕಿತ್ತಳೆ ಬಣ್ಣದ ಮುಚ್ಚಳವನ್ನೇ ಅಂಟಿಸಿ ಹೊರಟೆ.